ಕರಿಬೇವಿನ ಗಿಡವೂ ಒಂದು ವೆಲ್ಶ್ ಕ್ರಿಯಾಪದವೂ

ಅಕ್ಟೋಬರ್ ಕೊನೆಯ ಒಂದು ಮಂಗಳವಾರ, ಬೆಳಿಗ್ಗೆ ಎಂಟು ಹತ್ತಕ್ಕೆ, ಲಂಡನ್ನಿನ ಪಿಕಡಿಲಿ ಲೈನಿನ ತುಂಬಿದ ರೈಲಿನಲ್ಲಿ, ನನಗೆ ಯಾವ ದ್ರೋಹವನ್ನೂ ಬಗೆಯದ ಒಬ್ಬ ಅಪರಿಚಿತರ ಬೋಳುತಲೆಯ ಮೇಲೆ ನಾನು ಉಗುಳಿದೆ.

‘ಉಗುಳಿದೆ’ ಅನ್ನುವುದು ಸ್ವಲ್ಪ ಕಟುವಾಯಿತು. ಪ್ರೋಕ್ಷಣೆಯಾಯಿತು ಅನ್ನೋಣ. ಅವರು ಕೂತಿದ್ದರು, ನಾನು ಅವರ ಮುಂದೆ ಕಂಬಿ ಹಿಡಿದು ನಿಂತಿದ್ದೆ. ನಾನು ಒಂದು ವ್ಯಂಜನವನ್ನು ಅಭ್ಯಾಸ ಮಾಡುತ್ತಿದ್ದೆ. ನಾಲಿಗೆಯ ತುದಿಯನ್ನು ‘ಲ’ ಅನ್ನುವ ಜಾಗದಲ್ಲಿ ಒತ್ತಿಟ್ಟು, ‘ಲ’ ಅನ್ನದೆ, ಎರಡೂ ಪಕ್ಕದಿಂದ ಗಾಳಿ ಊದಬೇಕು. ಊದಿದೆ. ಗಾಳಿಯ ಜೊತೆ ಬೇರೆಯದೂ ಹೋಯಿತು.

ಆ ಸಂಭಾವಿತರು ಕರವಸ್ತ್ರ ತೆಗೆದು ತಲೆ ಒರೆಸಿಕೊಂಡರು. ತಲೆಯೆತ್ತಿ ನನ್ನನ್ನು ನೋಡಿದರು. ನೋಡಿ, “ಸಾರಿ” ಅಂದರು! ಉಗುಳಿದವನು ನಾನು, ಸಾರಿ ಅಂದವರು ಅವರು! ಪಕ್ಕದಲ್ಲಿದ್ದ ಹೆಂಗಸು ಮಾತ್ರ ಕನಿಕರದಿಂದ ಕೇಳಿದಳು:

“ಆರಾಮಾಗಿದೀರಾ? ಗಂಟಲಲ್ಲಿ ಏನಾದರೂ ಸಿಕ್ಕಿಹಾಕಿಕೊಂಡಿದೆಯಾ?”

“ವೆಲ್ಶ್” ಅಂದೆ.

ಅವಳು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಪಕ್ಕದ ಡಬ್ಬಿಗೆ ಹತ್ತಿದ್ದನ್ನು ನಾನು ಕಿಟಕಿಯಿಂದ ಕಣ್ಣಾರೆ ಕಂಡೆ.

ಆದರೂ ನಾನು ಕುಗ್ಗಲಿಲ್ಲ. ಯಾಕೆ ಕುಗ್ಗಬೇಕು? ನಾನು ಮೈಸೂರಿನವನು. ಒಂಬತ್ತನೇ ವಯಸ್ಸಿಗೇ ‘ರಾಮಃ ರಾಮೌ ರಾಮಾಃ’ ಕಂಠಪಾಠ ಮಾಡಿ ಬಿಸಾಕಿದವನು! ಏಳು ವಿಭಕ್ತಿ, ಮೂರು ವಚನ, ಮೇಲೊಂದು ಸಂಬೋಧನೆ! ಇಪ್ಪತ್ತರವರೆಗಿನ ಮಗ್ಗಿಯನ್ನು ಊಟದ ಮಣೆಯ ಮೇಲೆ ಕೂತು ಒಪ್ಪಿಸಿ ತುಪ್ಪ ಹಾಕಿಸಿಕೊಂಡವನು! ಅಂಥವನಿಗೆ ಒಂದು ಯಃಕಶ್ಚಿತ್ ವೆಲ್ಶ್ ಕ್ರಿಯಾಪದ ಯಾವ ಲೆಕ್ಕ? ಶನಿವಾರ ಸಂಜೆಯೊಳಗೆ ಅದನ್ನು ಪಳಗಿಸಿ, ಮೂಗುದಾರ ಹಾಕಿ, ನೆರೆಮನೆಯ ಬಾಗಿಲಲ್ಲಿ ಕಟ್ಟಿಹಾಕುತ್ತೇನೆ ಎಂದು ಹೆಂಡತಿ ಚಂದ್ರಿಕಾಳ ಮುಂದೆ ಪ್ರತಿಜ್ಞೆ ಮಾಡಿಯೇ ಮನೆ ಬಿಟ್ಟಿದ್ದೆ.

ಇಷ್ಟಕ್ಕೆಲ್ಲ ಕಾರಣ ಒಂದು ಕರಿಬೇವಿನ ಗಿಡ.

ನಾವಿರುವುದು ಹ್ಯಾರೋ ಪಕ್ಕದ ರೇನರ್ಸ್ ಲೇನಿನಲ್ಲಿ. ಇಲ್ಲಿ ತೆಂಗಿನಕಾಯಿ ಸಿಗುತ್ತದೆ, ಬಾಳೆಎಲೆ ಸಿಗುತ್ತದೆ, ಸೌತೆಕಾಯಿ ಮಜ್ಜಿಗೆಹುಳಿಗೆ ಬೇಕಾದ್ದೆಲ್ಲ ಸಿಗುತ್ತದೆ. ಆದರೆ ಅಂಗಡಿಯ ಪೊಟ್ಟಣದ ಕರಿಬೇವನ್ನು ಚಂದ್ರಿಕಾ ಕರಿಬೇವು ಎಂದು ಒಪ್ಪುವುದಿಲ್ಲ. “ಅದು ಎಲೆಯ ಫೋಟೋ ಕಣ್ರೀ, ಎಲೆ ಅಲ್ಲ” ಅನ್ನುತ್ತಾಳೆ. ಅದಕ್ಕೇ ಒಂಬತ್ತು ವರ್ಷದ ಹಿಂದೆ ಬೆರಳುದ್ದದ ಸಸಿ ತಂದು ಸಾಕಿದಳು. ಈಗ ಅದು ನನ್ನ ಎದೆಯೆತ್ತರ. ಹ್ಯಾರೋ ಸುತ್ತಮುತ್ತಲ ಅರ್ಧದಷ್ಟು ಕನ್ನಡದವರ ಮನೆಯ ಒಗ್ಗರಣೆ ನಡೆಯುವುದು ಆ ಗಿಡದ ಕೃಪೆಯಿಂದ. ಬೇಸಿಗೆಯಲ್ಲಿ ನಮ್ಮ ಹಿತ್ತಿಲಲ್ಲಿರುತ್ತದೆ. ಚಳಿಗಾಲಕ್ಕೆ ಅದರ ತವರುಮನೆ ಬೇರೆ: ಪಕ್ಕದ ಮನೆಯ ಗ್ವೆನ್ ಆಂಟಿಯವರ ಗಾಜಿನ ಕೋಣೆ. ಒಂದು ವರ್ಷ ಜಂಬದಿಂದ ನಮ್ಮ ಮನೆಯೊಳಗೇ ಇಟ್ಟುಕೊಂಡೆವು. ಎಂಟೇ ದಿನದಲ್ಲಿ ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿಯಿತು. ಆಮೇಲೆ ಹತ್ತು ದಿನ ಚಂದ್ರಿಕಾ ಸಾರಿಗೆ ಒಗ್ಗರಣೆ ಹಾಕದೆ ಸೂತಕ ಆಚರಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಕಡ್ಡಿಗೆ ಮತ್ತೆ ಜೀವ ಕೊಟ್ಟವರು ಗ್ವೆನ್ ಆಂಟಿ.

ಗ್ವೆನ್ ಆಂಟಿಗೆ ಎಪ್ಪತ್ತೊಂಬತ್ತು. ವೇಲ್ಸಿನ ಉತ್ತರ ತುದಿಯಿಂದ ಇಪ್ಪತ್ತೆರಡನೇ ವಯಸ್ಸಿಗೆ ಲಂಡನ್ನಿಗೆ ಬಂದು, ಮೂವತ್ತೊಂದು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಪಾಠ ಮಾಡಿದವರು. ಗಂಡ ಇದ್ರಿಸ್ ತೀರಿಕೊಂಡು ಆರು ವರ್ಷವಾಯಿತು. ಗ್ವೆನ್ ಆಂಟಿ ನಕ್ಕಿದ್ದನ್ನು ನಾನು ನೋಡಿಲ್ಲ. ಆದರೆ ಚಂದ್ರಿಕಾ ಬೇಲಿಯ ಬಳಿ ಅವರ ಜೊತೆ ಮಾತಾಡಿ ಬಂದರೆ ಒಂದು ಗಂಟೆ ನಗುತ್ತಲೇ ಇರುತ್ತಾಳೆ. ಗ್ವೆನ್ ಆಂಟಿಯ ಪೂರ್ತಿ ಹೆಸರಿನ ಮಧ್ಯದಲ್ಲಿ, ರೈಲಿನಲ್ಲಿ ನಾನು ಪ್ರೋಕ್ಷಣೆ ಮಾಡಿದೆನಲ್ಲ, ಆ ವ್ಯಂಜನವೇ ಕೂತಿದೆ. ಹಾಗಾಗಿ ಒಂಬತ್ತು ವರ್ಷದಿಂದ ನಾವು ಅರ್ಧ ಹೆಸರಿನಲ್ಲೇ ಕಾಲ ಹಾಕಿದ್ದೆವು.

ಇಂಥ ಗ್ವೆನ್ ಆಂಟಿಯನ್ನು ಸೆಪ್ಟೆಂಬರಿನಲ್ಲಿ ನಮ್ಮ ಕನ್ನಡ ಬಳಗದ ಗಣೇಶನ ಹಬ್ಬದ ಊಟಕ್ಕೆ ಕರೆದುಕೊಂಡು ಹೋದೆವು. ನಾನು ಬಳಗದ ಉಪಾಧ್ಯಕ್ಷ. ಮೈಕು ಕೈಗೆ ಸಿಕ್ಕಿತು. ಮೈಕು ಸಿಕ್ಕ ಮೈಸೂರಿನವನನ್ನು ಯಾರು ತಡೆದಾರು! ಅವರಿಗೂ ಅರ್ಥವಾಗಲಿ ಎಂದು ಇಂಗ್ಲಿಷಿನಲ್ಲೇ ಶುರುಮಾಡಿದೆ: “ಇವರು ನಮ್ಮ ನೆಚ್ಚಿನ ಇಂಗ್ಲಿಷ್ ನೆರೆಯವರು! ಅಪ್ಪಟ ಇಂಗ್ಲಿಷ್ ಮಹಿಳೆ! ಬಿಸಿಬೇಳೆಬಾತ್ ತಿನ್ನುವ ಏಕೈಕ ಇಂಗ್ಲಿಷ್ ಅಜ್ಜಿ!”

ಜೋರಾದ ಚಪ್ಪಾಳೆ. ಗ್ವೆನ್ ಆಂಟಿ ಚಮಚವನ್ನು ತಟ್ಟೆಯ ಮೇಲೆ ಇಟ್ಟರು. ಊಟವಾದ ಮೇಲೆ, ನಮ್ಮ ಕಾರಿನಲ್ಲಿ ಬಂದಿದ್ದವರು, “ನಾನು ಬಸ್ಸಿನಲ್ಲಿ ಹೋಗುತ್ತೇನೆ” ಎಂದು ಹೊರಟುಬಿಟ್ಟರು.

ಕಾರಿನಲ್ಲಿ ಚಂದ್ರಿಕಾ ಸೀಟ್‌ಬೆಲ್ಟ್ ಹಾಕಿಕೊಳ್ಳುವ ಮೊದಲೇ ಶುರುಮಾಡಿದಳು.

“ಏನ್ರೀ ಅಂದ್ರಿ ಅಲ್ಲಿ?”

“ಏನಂದೆ? ಹೊಗಳಿದೆ!”

“ಇಂಗ್ಲಿಷ್ ಅಂದ್ರಿ. ಮೂರು ಸಲ ಅಂದ್ರಿ, ನಾನು ಎಣಿಸಿದೀನಿ. ಅವರು ವೆಲ್ಶ್ ಕಣ್ರೀ!”

“ಎಲ್ಲಾ ಒಂದೇ ಅಲ್ವೇನೇ? ಪಕ್ಕದಲ್ಲೇ ಇದೆಯಲ್ಲ ವೇಲ್ಸು.”

“ಮದ್ರಾಸೂ ಪಕ್ಕದಲ್ಲೇ ಇದೆ” ಅಂದಳು.

ನಾನು ಕಾರಿನ ರೇಡಿಯೋ ಜೋರು ಮಾಡಿದೆ. ಯಾಕೆಂದರೆ ಈ ವಿಷಯದಲ್ಲಿ ನನ್ನ ಚರಿತ್ರೆ ಜಗಜ್ಜಾಹೀರು. ಹೌನ್ಸ್ಲೋದ ನನ್ನ ಆಫೀಸಿನಲ್ಲಿ ದೆಹಲಿಯ ರಾಕೇಶ್ ಎಂಬಾತ ಒಮ್ಮೆ ಪ್ರೀತಿಯಿಂದ “ಅರೆ ಮದ್ರಾಸಿ ಭಾಯ್” ಅಂದದ್ದಕ್ಕೆ, ಅವನನ್ನು ಮೀಟಿಂಗ್ ರೂಮಿಗೆ ಕರೆದೊಯ್ದು, ಬಿಳಿ ಹಲಗೆಯ ಮೇಲೆ ನಕ್ಷೆ ಬಿಡಿಸಿ, ನಲವತ್ತು ನಿಮಿಷ ಪಾಠ ಮಾಡಿದ್ದೆ. ಅಷ್ಟೇ ಅಲ್ಲ. ನಾವು ಈ ಮನೆಗೆ ಬಂದ ಹೊಸದರಲ್ಲಿ ಗ್ವೆನ್ ಆಂಟಿ ಬೇಲಿಯಾಚೆಯಿಂದ, “ನೀವು ಮದ್ರಾಸಿನ ಕಡೆಯವರಾ?” ಎಂದು ಕೇಳಿದ್ದರು. ಪಾಪ, ಲೋಕಾಭಿರಾಮದ ಮಾತು. ನಾನು ಜಿಟಿಜಿಟಿ ಮಳೆಯಲ್ಲಿ ನಿಂತು, ಕೌನ್ಸಿಲ್ಲಿನಿಂದ ಬಂದ ಲಕೋಟೆಯ ಹಿಂದೆ ಕರ್ನಾಟಕ ಬರೆದು, ಕಾವೇರಿ ಎಳೆದು, ಲಿಪಿ ಬೇರೆ, ಪಲ್ಯ ಬೇರೆ, ಸಾರಿನಲ್ಲಿ ಬೆಲ್ಲ ಬೇರೆ ಎಂದು ಒಂದು ಗಂಟೆ ವಿವರಿಸಿದ್ದೆ. ಅವರು ಗಿಡ ಕತ್ತರಿಸುವ ಕತ್ತರಿ ಹಿಡಿದುಕೊಂಡೇ ಪೂರ್ತಿ ಕೇಳಿ, “ಗೊತ್ತಾಯಿತು. ನಮ್ಮ ಹಾಗೇ” ಅಂದಿದ್ದರು. ‘ನಮ್ಮ’ ಅಂದರೆ ಯಾರು ಎಂದು ನಾನು ಕೇಳಿರಲೇ ಇಲ್ಲ. ಮಳೆ ಜೋರಾಗಿತ್ತು.

ಹಬ್ಬದ ಮರುದಿನವೇ ಹೋಗಿ ‘ಸಾರಿ’ ಅಂದೆ. ಆದರೆ ಸಾರಿ ಎಂಬ ಪದ ಈ ಊರಿನಲ್ಲಿ ಸವೆದುಹೋದ ನಾಣ್ಯ. ಉಗುಳಿಸಿಕೊಂಡವರೂ ಸಾರಿ ಅನ್ನುತ್ತಾರೆ! ಗ್ವೆನ್ ಆಂಟಿ, “ಪರವಾಗಿಲ್ಲ, ಮಿಸ್ಟರ್ ಮಧುಸೂದನ್” ಅಂದರು. ಒಂಬತ್ತು ವರ್ಷ ‘ಮಧು’ ಆಗಿದ್ದವನು ಬೆಳಗಾಗುವುದರಲ್ಲಿ ಮಿಸ್ಟರ್ ಆಗಿದ್ದೆ! ಇಷ್ಟು ದೊಡ್ಡ ಬಡ್ತಿ ಆಫೀಸಿನಲ್ಲೂ ಸಿಕ್ಕಿರಲಿಲ್ಲ. ಅಂದಿನಿಂದ ಅವರು ಬೇಲಿಯ ಹತ್ತಿರ ಬರಲಿಲ್ಲ. ಅಕ್ಟೋಬರ್ ಬಂತು. ಗಿಡ ನಮ್ಮ ಹಿತ್ತಿಲಲ್ಲೇ ನಿಂತಿತ್ತು. ಆ ಸೋಮವಾರ ಟೀವಿಯವರು ಶನಿವಾರ ರಾತ್ರಿ ಮೈನಸ್ ಎರಡು ಎಂದು ಹೇಳಿದರು.

“ನೀನೇ ಹೋಗಿ ಕೇಳಬಾರದೇನೇ? ನಿನ್ನ ಮೇಲೆ ಅವರಿಗೆ ಸಿಟ್ಟಿಲ್ಲ” ಎಂದೆ.

“ಮರ್ಯಾದೆ ಕಳೆದೋರು ನೀವು, ಗಿಡ ಹೊತ್ಕೊಂಡು ಹೋಗೋಳು ನಾನಾ? ನೋಡಿ, ಆ ಗಿಡಕ್ಕೇನಾದ್ರೂ ಆದ್ರೆ ಈ ಮನೆಯಲ್ಲಿ ಇನ್ನು ಒಗ್ಗರಣೆ ಇಲ್ಲ. ಚಟ್ನಿಗಿಲ್ಲ, ಸಾರಿಗಿಲ್ಲ, ಚಿತ್ರಾನ್ನಕ್ಕೂ ಇಲ್ಲ.”

ಒಗ್ಗರಣೆಯಿಲ್ಲದ ಚಿತ್ರಾನ್ನ! ಕಣ್ಣು ಕತ್ತಲಿಟ್ಟಿತು. ಆ ಕತ್ತಲಲ್ಲೇ ನನಗೆ ಜ್ಞಾನೋದಯವಾದದ್ದು: ಅವರ ಭಾಷೆಯಲ್ಲೇ ಕ್ಷಮೆ ಕೇಳಬೇಕು! ‘ನಾನು ತಪ್ಪು ಮಾಡಿದೆ.’ ಒಂದೇ ವಾಕ್ಯ. ಬೇಕಾದದ್ದು ‘ಮಾಡು’ ಎಂಬ ಒಂದೇ ಕ್ರಿಯಾಪದ.

ಹದಿನೇಳರ ಮಗಳು ಸ್ಮೃತಿ ನನ್ನ ಫೋನಿಗೆ ವೆಲ್ಶ್ ಕಲಿಸುವ ಆ್ಯಪ್ ಹಾಕಿಕೊಟ್ಟಳು. ಕೊಡುವಾಗಲೇ, “ಅಪ್ಪಾ, ಜಸ್ಟ್ ಟಾಕ್ ಟು ಹರ್ ಲೈಕ್ ಎ ನಾರ್ಮಲ್ ಪರ್ಸನ್” ಅಂದಳು. ನಾರ್ಮಲ್ ಮನುಷ್ಯರಿಂದ ಯಾವ ಮಹತ್ಕಾರ್ಯ ಆಗಿದೆ?

ಓದುಗ ಮಹಾಶಯರೇ, ಆ ಕ್ರಿಯಾಪದವನ್ನು ಮೊದಲ ಸಲ ಕಂಡಾಗ ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಬರೆಯುವಾಗ ತಲೆಯ ಮೇಲೆ ಒಂದು ‘ಗ’, ಅದರ ಮೇಲೆ ಒಂದು ‘ವ’, ಆಮೇಲೆ ‘ನ’. ಮೂವರೂ ಒಂದೇ ಬಾಗಿಲಲ್ಲಿ ಒಟ್ಟಿಗೆ ನುಗ್ಗಿ ಸಿಕ್ಕಿಹಾಕಿಕೊಂಡ ಹಾಗೆ! ಆದರೆ ಆ್ಯಪಿನೊಳಗಿನ ಹೆಂಗಸು ಬಾಯಿಬಿಟ್ಟಾಗ ಗ-ವ ಎರಡೂ ಮಾಯ. ‘ನೆಸ್ ಇ’ ಅಂದಳು. ಅಂದರೆ ‘ನಾನು ಮಾಡಿದೆ’. ಕ್ರಿಯಾಪದ ಮುಂದೆ, ಮಾಡಿದವನು ಹಿಂದೆ! ಕೆಲಸ ಮೊದಲು, ನಾನು ಆಮೇಲೆ! ಉಪಾಧ್ಯಕ್ಷನಾದ ನನಗೆ ಈ ಕ್ರಮ ಹೊಸದು.

‘ತಪ್ಪು’ ಅನ್ನುವುದಕ್ಕೆ ‘ಕಮ್‌ಗಮೆರ್ಯಾದ್’. ನೋಡಿ, ತಪ್ಪಿನ ಹೊಟ್ಟೆಯಲ್ಲೇ ಮರ್ಯಾದೆ ಕೂತಿದೆ! ಜ್ಞಾಪಕ ಇಟ್ಟುಕೊಳ್ಳಲು ಇದಕ್ಕಿಂತ ಸುಲಭ ಉಂಟೆ ಎಂದುಕೊಳ್ಳುವಷ್ಟರಲ್ಲಿ ಆ ಹೆಂಗಸು ಪೂರ್ತಿ ವಾಕ್ಯ ಹೇಳಿದಳು: “ನೆಸ್ ಇ ಗಮ್‌ಗಮೆರ್ಯಾದ್.” ಈಗ ತಾನೆ ‘ಕ’ ಇದ್ದದ್ದು ‘ಗ’ ಆಗಿತ್ತು. ಮತ್ತೆ ಒತ್ತಿದೆ. ‘ಗ’ನೇ. ಕೆಳಗೆ ವಿವರಣೆ ಇತ್ತು: ಇಂಥ ಕಡೆ ಕ ಇದ್ದದ್ದು ಗ ಆಗುತ್ತದೆ, ತ ಇದ್ದದ್ದು ದ, ಪ ಇದ್ದದ್ದು ಬ.

ನಾನು ಕುರ್ಚಿಯಿಂದ ಎದ್ದು ನಿಂತೆ. ಮೈಯೆಲ್ಲ ರೋಮಾಂಚನ! “ಚಂದ್ರೀ! ಬೇಗ ಹೇಳು! ಮಳೆ, ಕಾಲ. ಸೇರಿಸಿದರೆ ಏನಾಗುತ್ತೆ?”

“ಸೇರಿಸೋದೇನ್ರೀ, ಇಲ್ಲಿ ವರ್ಷವೆಲ್ಲ ಮಳೆಗಾಲವೇ” ಅಂದಳು ಒಲೆಯ ಮುಂದಿನಿಂದ.

“ಅದೇ ಕಣೇ! ಕಾಲ ಗಾಲ ಆಯ್ತಲ್ಲ! ಆದೇಶ ಸಂಧಿ! ಕ-ತ-ಪ ಹೋಗಿ ಗ-ದ-ಬ! ವೆಲ್ಶಿನವರಿಗೂ ಇದೆಯಂತೆ!”

ಇದನ್ನು ಮರೆತದ್ದಕ್ಕೆ ಎಂಟನೇ ಕ್ಲಾಸಿನಲ್ಲಿ ಕನ್ನಡ ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಆ ಮೂರು ಅಕ್ಷರ ಮೃದುವಾಗುವುದು ಮೈಸೂರಿನಲ್ಲಿ ಮಾತ್ರ ಎಂದು ನಾನು ಈವರೆಗೆ ತಿಳಿದಿದ್ದೆ. ಐದು ಸಾವಿರ ಮೈಲಿ ಆಚೆ, ಕುರಿ ಮೇಯುವ ಗುಡ್ಡದ ಮೇಲೆ, ನಮ್ಮ ಮೇಷ್ಟ್ರ ಹೆಸರೂ ಕೇಳದ ಜನ ಅದೇ ಮೂರು ಅಕ್ಷರಗಳನ್ನು ಅದೇ ರೀತಿ ಮೆತ್ತಗೆ ಮಾಡಿಕೊಂಡು ಸಾವಿರಾರು ವರ್ಷದಿಂದ ಮಾತಾಡಿಕೊಂಡಿದ್ದಾರೆ! ಯಾರು ಹೇಳಿಕೊಟ್ಟರು? ನಾನು ಬಹಳ ಹೊತ್ತು ಸುಮ್ಮನೆ ಗೋಡೆಯಾಚೆಯ ಮನೆಯ ಕಡೆ ನೋಡುತ್ತ ಕೂತೆ. ಒಂಬತ್ತು ವರ್ಷದಿಂದ ಇಂಥದ್ದೊಂದು ಭಾಷೆ ನಮ್ಮ ಬೇಲಿಯ ಪಕ್ಕದಲ್ಲೇ ಗಿಡಕ್ಕೆ ನೀರು ಹಾಕಿಕೊಂಡಿತ್ತು, ನನಗೆ ಗೊತ್ತೇ ಇರಲಿಲ್ಲ.

ವಿಸ್ಮಯ ಸರಿ, ಆದರೆ ಆ ಒಂದು ವಾಕ್ಯ ನಾಲಿಗೆಗೆ ಹತ್ತಬೇಕಲ್ಲ? ಬಿಡಿಯಾಗಿ ಹೇಳಿದರೆ ಐದು ನಿಮಿಷಕ್ಕೆ ಮರೆತುಹೋಗುತ್ತಿತ್ತು. ನಮ್ಮ ಕಾಲದ ಮಂಡೆಗೆ ಬಿಡಿ ಸಾಮಾನು ಒಗ್ಗುವುದಿಲ್ಲ, ಇಡೀ ಮೂಟೆಯೇ ಬೇಕು. ಹಾಗಾಗಿ ಮಗ್ಗಿ ಮಾಡಿಬಿಟ್ಟೆ! ಹಜಾರದಲ್ಲಿ ಆ ಕಡೆಯಿಂದ ಈ ಕಡೆಗೆ ಓಡಾಡುತ್ತ, ಎರಡೊಂದ್ಲ ಎರಡರ ರಾಗದಲ್ಲಿ:

“ನೆಸ್ ಇ ಗಮ್‌ಗಮೆರ್ಯಾದ್, ನೆಸ್ಟ್ ಟಿ ಗಮ್‌ಗಮೆರ್ಯಾದ್, ನಾಯ್ಥ್ ಓ ಗಮ್‌ಗಮೆರ್ಯಾದ್, ನಾಯ್ಥ್ ಹೀ ಗಮ್‌ಗಮೆರ್ಯಾದ್...”

ನಾನು ತಪ್ಪು ಮಾಡಿದೆ, ನೀನು ತಪ್ಪು ಮಾಡಿದೆ, ಅವನು ತಪ್ಪು ಮಾಡಿದ, ಅವಳು ತಪ್ಪು ಮಾಡಿದಳು, ನಾವು, ನೀವು, ಅವರು. ಗುರುವಾರದ ಹೊತ್ತಿಗೆ ಹಲ್ಲುಜ್ಜುವಾಗ ತಾನಾಗಿ ಬರುತ್ತಿತ್ತು. ಶುಕ್ರವಾರ ಚಂದ್ರಿಕಾ ಚಪಾತಿ ಲಟ್ಟಿಸುತ್ತ ತನಗೇ ತಿಳಿಯದೆ “ನಾಯ್ಥೊಖ್ ಖೀ ಗಮ್‌ಗಮೆರ್ಯಾದ್” ಎಂದು ಗುನುಗಿದಳು. ಅದು ‘ನೀವು ತಪ್ಪು ಮಾಡಿದಿರಿ’. ಅದನ್ನೇ ಆರಿಸಿಕೊಂಡಳು ನೋಡಿ!

“ರೀ, ಹೇಳಬೇಕಾಗಿರೋದು ಮೊದಲನೇ ಸಾಲು ತಾನೆ? ಪೂರ್ತಿ ಯಾಕೆ?”

“ಕಲಿತರೆ ಬೇರುಸಮೇತ ಕಲಿಯಬೇಕು ಕಣೇ. ಅರೆಬರೆ ನಮ್ಮ ವಂಶದಲ್ಲೇ ಇಲ್ಲ.”

“ಹದಿಮೂರು ಏಳ್ಲ ಎಷ್ಟು ಹೇಳಿ?”

ನಾನು ಕಣ್ಣುಮುಚ್ಚಿ, “ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು...” ಎಂದು ಹೊರಟೆ. ಚಂದ್ರಿಕಾ ಲಟ್ಟಣಿಗೆ ಕೆಳಗಿಟ್ಟು ನನ್ನನ್ನೇ ನೋಡಿದಳು. “ಹುಷಾರು” ಅಂದಳು. ಯಾಕೆ ಹಾಗಂದಳು ಎಂದು ನಾನು ಯೋಚಿಸಲಿಲ್ಲ. ಆ ಪುಣ್ಯಾತ್ಗಿತ್ತಿ ಒಂದು ದಿನ ಮುಂಚೆಯೇ ಎಲ್ಲವನ್ನೂ ಕಂಡುಬಿಟ್ಟಿದ್ದಳು.

ಶನಿವಾರ ಸಂಜೆ ಐದೂವರೆ. ಬಾಯಿಂದ ಹೊಗೆ ಬರುವ ಚಳಿ. ಎದೆಯೆತ್ತರದ ಗಿಡವನ್ನು ಕುಂಡಸಮೇತ ಅಪ್ಪಿಕೊಂಡು ಗ್ವೆನ್ ಆಂಟಿಯ ಬಾಗಿಲಿಗೆ ಹೋದೆ. ಮೊಣಕೈಯಿಂದ ಬೆಲ್ ಒತ್ತಿದೆ. ನಮ್ಮ ಕಿಟಕಿಯ ಪರದೆ ಸರಿಯಿತು. ಅಲ್ಲಿ ತಾಯಿ ಮಗಳು ಇಬ್ಬರ ಮೂಗೂ ಗಾಜಿಗೆ ಅಂಟಿತ್ತು.

ಬಾಗಿಲು ತೆರೆಯಿತು. ಎಲೆಗಳ ಸಂದಿಯಿಂದ ನನಗೆ ಅವರ ಕನ್ನಡಕ ಕಂಡಿತು. ಅವರಿಗೆ ಕಂಡದ್ದು ಕಾಲು ಬಂದ ಒಂದು ಪೊದೆ.

“ಗ್ವೆನ್...” ಎಂದು ಅವರ ಪೂರ್ತಿ ಹೆಸರಿಗೆ ಕೈಹಾಕಿದೆ. ಆ ವ್ಯಂಜನ ಬಂತು. ಒಂದು ಎಲೆ ಅಲುಗಾಡಿ ಒದ್ದೆಯಾಯಿತು. ಗ್ವೆನ್ ಆಂಟಿಯ ಹುಬ್ಬು ಒಂದು ನೂಲು ಮೇಲೇರಿತು. ನನಗೆ ಅಷ್ಟೇ ಸಾಕಾಯಿತು! ಉಬ್ಬಿಹೋದೆ. ಉಸಿರೆಳೆದು ಬಾಯಿಬಿಟ್ಟೆ.

“ನೆಸ್ ಇ ಗಮ್‌ಗಮೆರ್ಯಾದ್!”

ಇಲ್ಲಿ ನಿಲ್ಲಿಸಬೇಕಿತ್ತು. ಇಲ್ಲಿ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಇಳಿಜಾರಿನಲ್ಲಿ ಹೊರಟ ಗಾಡಿ ನಿಲ್ಲುತ್ತದೆಯೇ? ನಾಲಿಗೆ ತನ್ನ ಪಾಡಿಗೆ ಮುಂದುವರಿಯಿತು.

“ನೆಸ್ಟ್ ಟಿ ಗಮ್‌ಗಮೆರ್ಯಾದ್!”

ನೀನು ತಪ್ಪು ಮಾಡಿದೆ! ಎಪ್ಪತ್ತೊಂಬತ್ತು ವರ್ಷದವರಿಗೆ! ಅದೂ ಏಕವಚನದಲ್ಲಿ! ಅವರದೇ ಹೊಸ್ತಿಲಿನಲ್ಲಿ ನಿಂತು!

ಅವರ ಬೆನ್ನ ಹಿಂದೆ ಗೋಡೆಯ ಮೇಲೆ ಇದ್ರಿಸ್ ಅವರ ಫೋಟೋ ಇತ್ತು. ನನ್ನ ಕಣ್ಣು ಸರಿಯಾಗಿ ಅಲ್ಲಿಗೆ ಹೋದಾಗಲೇ ಬಾಯಿ, “ನಾಯ್ಥ್ ಓ ಗಮ್‌ಗಮೆರ್ಯಾದ್” ಅಂದಿತು. ಅವನೂ ತಪ್ಪು ಮಾಡಿದ! ಸತ್ತವರನ್ನೂ ಬಿಡಲಿಲ್ಲ ನಾನು!

“ನಿಲ್ಲಿಸಿ” ಎಂದರು ಗ್ವೆನ್ ಆಂಟಿ, ಇಂಗ್ಲಿಷಿನಲ್ಲಿ.

ನಿಲ್ಲಿಸಿದೆ. ಆದರೆ ಮಗ್ಗಿ ಮಧ್ಯದಲ್ಲಿ ತಪ್ಪಿದರೆ ಏನು ಮಾಡಬೇಕು ಎಂದು ನಮಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದಾರೆ. ಮೊದಲಿಂದ ಹೇಳಬೇಕು.

“ನೆಸ್ ಇ ಗಮ್‌ಗಮೆರ್ಯಾದ್, ನೆಸ್ಟ್ ಟಿ ಗಮ್‌ಗಮೆರ್ಯಾದ್...”

“ಮಿಸ್ಟರ್ ಮಧುಸೂದನ್!”

“ನೆಸ್ ಇ ಗಮ್‌ಗಮೆರ್ಯಾದ್...” ಮೂರನೇ ಸಲ! ಕುಂಡ ಕೈಯಿಂದ ಜಾರುತ್ತಿತ್ತು. ಮೊಣಕಾಲು ಕೊಟ್ಟು ತಡೆದೆ. ಒಂದೇ ಕಾಲಿನ ಮೇಲೆ ನಿಂತು, ಈ ಸಲ ಯಾರ ತಡೆಯೂ ಇಲ್ಲದೆ, ಆ ಮನೆಯ ಮೇಲೆ, ಆ ಬೀದಿಯ ಮೇಲೆ, ಇಡೀ ವೇಲ್ಸಿನ ಮೇಲೆ ತಪ್ಪು ಹೊರಿಸಿ, ‘ಅವರು ತಪ್ಪು ಮಾಡಿದರು’ ಎಂಬಲ್ಲಿಗೆ ಮುಗಿಸಿದೆ. ಅಭ್ಯಾಸಬಲದಿಂದ, ಒಪ್ಪಿಸಿ ಮುಗಿಸಿದ ಹುಡುಗನ ಹಾಗೆ ತಲೆಯನ್ನೂ ಬಾಗಿಸಿದೆ.

ದೂರದಲ್ಲಿ ಮೆಟ್ರೋಪಾಲಿಟನ್ ಲೈನಿನ ರೈಲು ಹೋಯಿತು.

ಗ್ವೆನ್ ಆಂಟಿ ಎರಡೂ ಕೈಗಳಿಂದ ಗಿಡದ ಎಲೆಗಳನ್ನು ಸರಿಸಿದರು. ಸರಿಸಿದಲ್ಲಿ ನನ್ನ ಮುಖವಿತ್ತು. ಅದನ್ನು ನೋಡದೆ ಎಲೆಯನ್ನು ಮುಟ್ಟಿ ನೋಡಿದರು.

“ಗಿಡಕ್ಕೆ ಚಳಿಯಾಗುತ್ತಿದೆ. ಅದು ಒಳಗೆ ಬರಲಿ. ನೀವು ಅಲ್ಲೇ ಇರಿ.”

ಆ ಪುಟ್ಟ ಮುದುಕಿ ಅಷ್ಟು ಭಾರದ ಕುಂಡವನ್ನು ನನ್ನ ಕೈಯಿಂದ ಇಳಿಸಿ, ಒಂದು ಗೋಣಿಯ ಮೇಲಿಟ್ಟು, ಎಳೆದುಕೊಂಡು ಗಾಜಿನ ಕೋಣೆಗೆ ಹೋದರು. ಸಹಾಯಕ್ಕೆ ಒಂದು ಹೆಜ್ಜೆ ಮುಂದಿಟ್ಟೆ. ಹಿಂತಿರುಗದೆ, “ಅಲ್ಲೇ” ಅಂದರು. ಪ್ರೈಮರಿ ಸ್ಕೂಲಿನ ಮೇಷ್ಟ್ರುಗಳಿಗೆ ಬೆನ್ನಲ್ಲೂ ಕಣ್ಣಿರುತ್ತದೆ. ನಾನು ಹೊಸ್ತಿಲಾಚೆ ಕೈಕಟ್ಟಿ ನಿಂತೆ. ಗಿಡ ಉಳಿಯಿತು ಎಂದು ಒಂದು ಸಮಾಧಾನ. ಆದರೆ ಚಂದ್ರಿಕಾಳ ಗೆಳತಿಯನ್ನು ಶಾಶ್ವತವಾಗಿ ಕಳೆದೆನಲ್ಲ! ಮೊದಲು ಇಂಗ್ಲಿಷ್ ಅಂದದ್ದಕ್ಕೆ ಮಿಸ್ಟರ್ ಆಗಿದ್ದೆ. ಇನ್ನು ಏನಾಗುತ್ತೇನೋ!

ಅವರು ಕೈ ಒರೆಸಿಕೊಳ್ಳುತ್ತ ವಾಪಸು ಬಂದರು.

“ಯಾರು ಕಲಿಸಿದರು?”

“ಫೋನು.”

“ಯಾಕೆ ಏಳೂ?”

“ನಮಗೆ ಒಂದೊಂದೇ ಬರೋದಿಲ್ಲ ಆಂಟಿ. ಮೊದಲಿಂದ ಹೊರಡಬೇಕು. ನಮ್ಮಲ್ಲಿ ಎಲ್ಲಾ ಹಾಗೇ ಕಲಿಸಿದ್ದು.” ನನ್ನ ಧ್ವನಿ ನನಗೇ ಎಂಟನೇ ಕ್ಲಾಸಿನ ಬೆಂಚಿನ ಮೇಲಿಂದ ಕೇಳಿತು. “ನನಗೆ ಬೇಕಾಗಿದ್ದು ಮೊದಲನೇದು ಮಾತ್ರ. ನಿಜವಾಗಿ. ಮೊದಲನೇದೊಂದೇ.”

ಅವರು ಕನ್ನಡಕ ಸರಿಮಾಡಿಕೊಂಡರು. ಆಮೇಲೆ ಆ ವಾಕ್ಯವನ್ನು ತಾವೇ ಹೇಳಿದರು. ನಿಧಾನವಾಗಿ, ಒಂದೇ ಸಲ.

ಇದನ್ನು ಹೇಗೆ ಬರೆಯಲಿ! ನಾಲ್ಕು ದಿನದಿಂದ ನನ್ನ ಬಾಯಲ್ಲಿ ಕಲ್ಲಿನ ಹಾಗೆ ಉರುಳಾಡುತ್ತಿದ್ದ ಅದೇ ಪದಗಳು. ಅವರ ಬಾಯಲ್ಲಿ, ಗಂಜಿ ಹಾಕಿದ ಸೀರೆಯನ್ನು ಒಬ್ಬರೇ ಕೂತು ಮಡಿಸುವಾಗ ಅಂಚಿನ ಮೇಲೆ ಅಂಚು ತಾನಾಗಿ ಬಂದು ಕೂರುತ್ತದಲ್ಲ, ಹಾಗೆ ಕೂತವು. ‘ಮೆರ್’ ಅನ್ನುವಲ್ಲಿ ಧ್ವನಿ ಒಂದು ಮೆಟ್ಟಿಲು ಏರಿ, ‘ಯಾದ್’ ಅನ್ನುವಲ್ಲಿ ಇಳಿದು, ಮನೆಯೊಳಗೆ ಹೋಗಿ ಎಲ್ಲೋ ಕುಳಿತಿತು. ತಪ್ಪು ಒಪ್ಪಿಕೊಳ್ಳುವುದು ಇಷ್ಟು ಚೆಂದ ಇರಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ.

“ಈ ಮನೆಯೊಳಗೆ ಆರು ವರ್ಷದಿಂದ ಈ ಭಾಷೆಯಲ್ಲಿ ಯಾರೂ ಯಾರಿಗೂ ಏನೂ ಹೇಳಿರಲಿಲ್ಲ” ಅಂದರು ಗ್ವೆನ್ ಆಂಟಿ. ಗೋಡೆಯ ಫೋಟೋದ ಕಡೆ ಒಮ್ಮೆ ನೋಡಿದರು. “ಕೊನೆಗೂ ಹೇಳಿದವರು ಸಿಕ್ಕರು. ಬಂದು ನನ್ನನ್ನೂ ನನ್ನ ಗಂಡನನ್ನೂ ಬೈದರು.”

“ಆಂಟೀ...”

“ಇದ್ರಿಸ್ ತಪ್ಪು ಮಾಡಿದ್ದು ನಿಜ. ಅದು ನಿಮಗೆ ಹೇಗೆ ಗೊತ್ತಾಯಿತು ಅನ್ನುವುದೇ ನನಗೆ ಆಶ್ಚರ್ಯ.” ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. “ಈಗ ನೀವು ಹೇಳಿ. ಒಂದೇ. ಎರಡನೆಯದು ಶುರುವಾದರೆ ಬಾಗಿಲು ಹಾಕುತ್ತೇನೆ.”

ಹೇಳಿದೆ. ಹೇಳಿ, ಎರಡೂ ಕೈಯಿಂದ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡೆ. ‘ನೆಸ್ಟ್ ಟಿ’ ಹಲ್ಲಿನ ಹಿಂದೆ ಬಂದು ಗುದ್ದುತ್ತಿತ್ತು. ಬಿಡಲಿಲ್ಲ. ಗಂಟಲಲ್ಲೇ ನುಂಗಿದೆ. ಕಣ್ಣಲ್ಲಿ ನೀರು ಬಂತು.

“ಹ್ಞೂಂ” ಅಂದರು. “ಒಳಗೆ ಬಾ, ಮಧು. ಕಿಟಕಿಯಲ್ಲಿರುವ ಇಬ್ಬರನ್ನೂ ಕರಿ. ಟೀ ಇಡುತ್ತೇನೆ.”

ಮಿಸ್ಟರ್ ಪದವಿ ಹೋಯಿತು! ಹಿಂಬಡ್ತಿ ಸಿಕ್ಕಿದ್ದಕ್ಕೆ ಇಷ್ಟು ಕುಣಿದವನು ಹೌನ್ಸ್ಲೋದಿಂದ ಹ್ಯಾರೋದವರೆಗೆ ಇನ್ನೊಬ್ಬನಿರಲಾರ. ಆ ರಾತ್ರಿ ಮೈನಸ್ ಎರಡಾಯಿತು. ಬೆಳಿಗ್ಗೆ ನಮ್ಮ ಹಿತ್ತಿಲ ಹುಲ್ಲೆಲ್ಲ ಉಪ್ಪು ಚೆಲ್ಲಿದ ಹಾಗಿತ್ತು. ಬೇಲಿಯಾಚೆಯ ಗಾಜಿನ ಕೋಣೆಯಲ್ಲಿ ಕರಿಬೇವು ಹಸಿರಾಗಿ, ನನಗೂ ನಿನಗೂ ಸಂಬಂಧವಿಲ್ಲ ಅನ್ನುವ ಹಾಗೆ ನಿಂತಿತ್ತು. ಚಂದ್ರಿಕಾ ಅವತ್ತು ಮಾಡಿದ ಚಿತ್ರಾನ್ನದಲ್ಲಿ ಅನ್ನಕ್ಕಿಂತ ಒಗ್ಗರಣೆಯೇ ಹೆಚ್ಚಿತ್ತು.

ಮುಂದಿನ ಭಾನುವಾರ ಗ್ವೆನ್ ಆಂಟಿ ನಮ್ಮನ್ನು ಅವರ ವೆಲ್ಶ್ ಚಾಪೆಲ್ಲಿನ ಟೀ ಕೂಟಕ್ಕೆ ಕರೆದುಕೊಂಡು ಹೋದ‌ರು. ನಮ್ಮ ಬಳಗದ ಹಾಗೇ ಇತ್ತು! ಮಡಚುವ ಕುರ್ಚಿ, ಸ್ಟೀಲಿನ ದೊಡ್ಡ ಟೀ ಪಾತ್ರೆ, ಯಾರು ಯಾರ ಪಕ್ಕ ಕೂರಬಾರದು ಎಂಬ ಹಳೆಯ ಜಗಳ, ಮೂಲೆಯಲ್ಲಿ ಫೋನು ಹಿಡಿದು ಇಂಗ್ಲಿಷಿನಲ್ಲಿ ಉತ್ತರಿಸುವ ಮೊಮ್ಮಕ್ಕಳು. ಸ್ಮೃತಿ ಹೋಗಿ ಆ ಮೂಲೆ ಸೇರಿಕೊಂಡಳು. ಮೂವತ್ತು ಜನ ಹಿರಿಯರು ದ್ರಾಕ್ಷಿ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ ವೆಲ್ಶಿನಲ್ಲಿ ಮಾತಾಡುತ್ತಿದ್ದರು. ನಾನು ನಾಲ್ಕು ದಿನ ಹೆಣಗಿದ ಆ ವ್ಯಂಜನವನ್ನು ಬಾಯಿತುಂಬ ಬ್ರೆಡ್ಡಿಟ್ಟುಕೊಂಡೇ, ಯಾರ ಮೇಲೂ ಒಂದು ತುಣುಕು ಹಾರಿಸದೆ, ಸಲೀಸಾಗಿ ಅನ್ನುತ್ತಿದ್ದರು. ನಾನು ಬಾಯಿತೆರೆದು ನೋಡುತ್ತ ಕೂತೆ. ಕ್ರಿಯಾಪದಗಳು ತಲೆಯ ಮೇಲಿಂದ ಹಕ್ಕಿಗಳ ಹಾಗೆ ಹಾದುಹೋದವು.

ಅಷ್ಟರಲ್ಲಿ ಗ್ವೆನ್ ಆಂಟಿ ಎದ್ದು ನಿಂತು ಚಮಚದಿಂದ ಕಪ್ಪನ್ನು ತಟ್ಟಿದರು. ನಮ್ಮ ಕಡೆ ಕೈತೋರಿ ವೆಲ್ಶಿನಲ್ಲಿ ಪರಿಚಯ ಮಾಡಿದರು. ನನಗೆ ಅರ್ಥವಾದದ್ದು ‘ಚಂದ್ರಿಕಾ’, ‘ಮಧು’. ಗಂಭೀರವಾಗಿ ತಲೆದೂಗಿದೆ. ಆಮೇಲೆ ಇನ್ನೊಂದು ಪದ ಅರ್ಥವಾಯಿತು. ಮದ್ರಾಸ್.

ತಪ್ಪು ಕೇಳಿಸಿತೇನೋ ಅಂದುಕೊಂಡೆ. ಇಲ್ಲ, ಮತ್ತೆ ಬಂತು. ಮದ್ರಾಸ್. ಜನ “ಓ!” ಅಂದರು. ಮೂರನೇ ಸಲ ಇನ್ನೂ ಒತ್ತಿ, ಇನ್ನೂ ಆದರದಿಂದ: ಮದ್ರಾಸ್! ಜೋರಾದ ಚಪ್ಪಾಳೆ. ಒಬ್ಬ ಅಜ್ಜ ಎದ್ದು ಬಂದು ನನ್ನ ಕೈಕುಲುಕಿ, “ಮದ್ರಾಸ್! ಭಾರೀ ಸೆಕೆಯಂತಲ್ಲ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನನ್ನ ರಕ್ತ ಕುದಿಯಿತು. ಲಕೋಟೆ! ನಕ್ಷೆ! ಕಾವೇರಿ! ಮಳೆಯಲ್ಲಿ ಒಂದು ಗಂಟೆ! ಚಂದ್ರಿಕಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಅವಳ ಭುಜ ಕುಲುಕುತ್ತಿತ್ತು. ನಾನು ಕಪ್ಪು ಬಿಟ್ಟು ನೇರ ಗ್ವೆನ್ ಆಂಟಿಯ ಕುರ್ಚಿಯ ಹತ್ತಿರ ಹೋದೆ.

“ಗ್ವೆನ್ ಆಂಟೀ, ಅಷ್ಟು ವಿವರವಾಗಿ ಹೇಳಿದ್ದೆನಲ್ಲ! ಆದರೂ ಇಷ್ಟು ಜನರ ಮುಂದೆ ನನ್ನನ್ನ ಮದ್ರಾಸಿನವನು ಅಂದಿರಾ?”

ಅವರು ಬ್ರೆಡ್ಡಿನ ಕೊನೆಯ ಚೂರನ್ನು ನಿಧಾನವಾಗಿ ಅಗಿದು ನುಂಗಿದರು. ಕರವಸ್ತ್ರದಿಂದ ತುಟಿ ಒರೆಸಿಕೊಂಡರು. ನನ್ನ ಮುಖವನ್ನೇ ನೋಡುತ್ತ, ಹುಬ್ಬನ್ನೂ ಅಲುಗಿಸದೆ ಹೇಳಿದರು:

“ನೆಸ್ ಇ ಗಮ್‌ಗಮೆರ್ಯಾದ್.”